ಒತ್ತುವ ಫೋನು, ಉಜ್ಜುವ ಫೋನು

ನಮ್ಮ ಕಾಸರಗೋಡು ಕಡೆಯ ಹಳ್ಳಿಗಳಲ್ಲಿ ಮೊಬೈಲುಗಳಿಗೆ ಎರಡೇ ಜಾತಿ. ಒಂದು ಒತ್ತುವ ಫೋನು, ಇನ್ನೊಂದು ಉಜ್ಜುವ ಫೋನು. ಕಂಪೆನಿ ಯಾವುದು, ಬೆಲೆ ಎಷ್ಟು ಎಂಬುದೆಲ್ಲ ಆಮೇಲಿನ ಮಾತು. ಮಲಯಾಳ ಮಾತನಾಡುವ ನೆರೆಯವರು ಉಜ್ಜುವ ಫೋನಿಗೆ 'ತೋಂಡುನ್ನ ಫೋನ್' ಎನ್ನುತ್ತಾರೆ. ಭಾಷೆ ಬೇರೆಯಾದರೂ ವಿಂಗಡಣೆ ಒಂದೇ! ಫೋನಿನ ಚರಿತ್ರೆ ಬರೆಯಲು ಹೊರಟವರಿಗೆ ಇದಕ್ಕಿಂತ ಒಳ್ಳೆಯ ಗೆರೆ ಸಿಗಲಾರದು.

ಈಗ ಐದನೆಯ, ಆರನೆಯ ಕ್ಲಾಸಿನಲ್ಲಿ ಕೂತಿರುವ ಮಕ್ಕಳು ಹುಟ್ಟುವ ಹೊತ್ತಿಗೆ ಒತ್ತುವ ಫೋನಿನ ಕಾಲ ಮುಕ್ಕಾಲು ಮುಗಿದಿತ್ತು. 'ಬ್ಯಾಕ್' ಎಂಬುದು ಒಂದು ಕಾಲದಲ್ಲಿ ಬೆರಳಿಗೆ ನಿಜವಾಗಿ ತಗಲುವ ವಸ್ತುವಾಗಿತ್ತು ಎಂದರೆ ಅವರಿಗೆ ಆಶ್ಚರ್ಯ. ಅದು ಎಲ್ಲಿ ಹೋಯಿತು ಎಂಬುದೇ ಅವರ ಅಜ್ಜಿಯಂದಿರಿಗೆ ಆಶ್ಚರ್ಯ. ಈ ಎರಡು ಆಶ್ಚರ್ಯಗಳ ನಡುವೆ ಏನೇನು ನಡೆಯಿತು ಎಂದು ನೋಡೋಣ.

ಮೊಬೈಲು ಬರುವುದಕ್ಕೆ ಮೊದಲೇ ಬಟನ್ ಬಂದಿತ್ತು. ಹಳೆಯ ಕಪ್ಪು ಫೋನಿನಲ್ಲಿ ಬೆರಳು ತೂರಿಸಿ ತಿರುಗಿಸುವ ಚಕ್ರ ಇತ್ತಲ್ಲ, ಅದರ ಜಾಗಕ್ಕೆ ಅಮೆರಿಕದ ಬೆಲ್ ಕಂಪೆನಿ 1963ರ ನವೆಂಬರ್ 18ರಂದು ಒತ್ತುವ ಬಟನ್‌ಗಳ 'ಟಚ್ ಟೋನ್' ಫೋನನ್ನು ತಂದಿತು. ಸುಮ್ಮನೆ ಹತ್ತು ಬಟನ್ ಜೋಡಿಸಿ ಮಾರಿದ್ದಲ್ಲ. ಅಂಕೆಗಳನ್ನು ಹೇಗೆ ಜೋಡಿಸಿದರೆ ಜನರಿಗೆ ಬೇಗ ಮತ್ತು ತಪ್ಪಿಲ್ಲದೆ ಒತ್ತಲು ಬರುತ್ತದೆ ಎಂದು ಅವರ ಪ್ರಯೋಗಾಲಯದಲ್ಲಿ ಹಲವು ಬಗೆಯ ಜೋಡಣೆಗಳನ್ನು ಜನರ ಕೈಗೆ ಕೊಟ್ಟು ಪರೀಕ್ಷೆ ಮಾಡಿದ್ದರು. ಹಾಗೆ ಉಳಿದದ್ದು ಮೂರು ಸಾಲಿನಲ್ಲಿ ಮೂರು ಮೂರು, ಕೆಳಗೆ ಸೊನ್ನೆ ಎಂಬ ಈಗಿನ ಕ್ರಮ. ನಕ್ಷತ್ರ ಮತ್ತು ಹ್ಯಾಷ್ ಸೇರಿದ್ದು 1968ರಲ್ಲಿ. (ಮಕ್ಕಳಿಗೆ ಒಂದು ಕೆಲಸ: ಮನೆಯ ಕ್ಯಾಲ್ಕುಲೇಟರನ್ನು ಫೋನಿನ ಪಕ್ಕ ಇಟ್ಟು ನೋಡಿ. ಅದರಲ್ಲಿ 7, 8, 9 ಮೇಲಿನ ಸಾಲಿನಲ್ಲಿರುತ್ತದೆ, ಫೋನಿನಲ್ಲಿ ಕೆಳಗೆ!)

ಇದೇ ಜೋಡಣೆ ಹಾಗೆಯೇ ಮೊಬೈಲಿಗೂ ಇಳಿದು ಬಂತು. 5ರ ಬಟನ್ ಮೇಲೆ ಒಂದು ಸಣ್ಣ ಉಬ್ಬು ಇರುತ್ತದೆ. ಕಣ್ಣು ಕಾಣದವರು ಆ ಉಬ್ಬನ್ನು ಹುಡುಕಿ, ಅಲ್ಲಿಂದ ಸುತ್ತಲಿನ ಎಂಟು ಬಟನ್‌ಗಳನ್ನು ಲೆಕ್ಕ ಹಾಕುತ್ತಾರೆ. ಕಣ್ಣಿದ್ದವರೂ ಅದನ್ನೇ ಮಾಡುತ್ತಾರೆ, ಆದರೆ ತಾವು ಮಾಡುತ್ತಿದ್ದೇವೆಂದು ಅವರಿಗೇ ಗೊತ್ತಿರುವುದಿಲ್ಲ. ಜೇಬಿನೊಳಗೆ ಕೈ ಹಾಕಿ, ನೋಡದೆಯೇ ನಂಬರ್ ಒತ್ತುವವರನ್ನು ನಾವೆಲ್ಲ ಕಂಡಿದ್ದೇವೆ.

2003ರಲ್ಲಿ ಬಂದ ನೋಕಿಯಾ 1100 ಈ ಜಾತಿಯ ರಾಜ. ಜಗತ್ತಿನಲ್ಲಿ 25 ಕೋಟಿಗೂ ಮಿಕ್ಕಿ ಮಾರಾಟವಾದ ಫೋನದು. ಧೂಳು ಒಳಗೆ ಹೋಗದಂತೆ ಒಂದೇ ಹಾಳೆಯ ಹಾಗಿದ್ದ ಬಟನ್‌ಗಳು, ತಲೆಯಲ್ಲಿ ಟಾರ್ಚ್. ಕರೆಂಟು ಹೋದರೆ ತೋಟದ ದಾರಿಗೆ ಅದೇ ದೀಪ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಅದರ ಪರದೆಯ ಕೆಳಗಿದ್ದ ಒಂದು ದೊಡ್ಡ ಬಟನ್. ನೋಕಿಯಾದವರು ಅದನ್ನು 'ನ್ಯಾವಿ ಕೀ' ಎಂದು ಕರೆಯುತ್ತಿದ್ದರು. ಅದರ ಮೇಲೆ ಅಕ್ಷರವಿಲ್ಲ. ಅದು ಈಗ ಏನು ಮಾಡುತ್ತದೆ ಎಂಬುದನ್ನು ಅದರ ಮೇಲ್ಗಡೆ ಪರದೆಯಲ್ಲಿ ಬರೆದಿರುತ್ತಿತ್ತು: ಒಮ್ಮೆ 'ಮೆನು', ಒಮ್ಮೆ 'ಸೆಲೆಕ್ಟ್', ಕರೆ ಬಂದಾಗ 'ಆನ್ಸರ್'. ಬಟನ್ ಕೈಯದ್ದು, ಹೆಸರು ಪರದೆಯದ್ದು! ಬ್ಯಾಂಕಿನ ಎಟಿಎಂಗಳ ಎರಡೂ ಪಕ್ಕದಲ್ಲಿ ಇರುತ್ತಿದ್ದ ಬಟನ್‌ಗಳೂ ಇದೇ ಬಗೆಯವು. ಒತ್ತುವುದರಿಂದ ಉಜ್ಜುವುದಕ್ಕೆ ಹೋಗುವ ದಾರಿಯಲ್ಲಿ ಇದು ನಡುವಿನ ಕಟ್ಟೆ. ದಾರಿ ತಪ್ಪಿದರೆ 'ಸಿ' ಬಟನ್ ಇತ್ತು. ಒಮ್ಮೆ ಒತ್ತಿದರೆ ಒಂದು ಹೆಜ್ಜೆ ಹಿಂದೆ, ಒತ್ತಿ ಹಿಡಿದರೆ ಸೀದಾ ಮನೆಗೆ. ಈಗಿನ ಬ್ಯಾಕ್ ಮತ್ತು ಹೋಮ್ ಎರಡೂ ಅದರಲ್ಲೇ ಅಡಗಿದ್ದವು ಅನ್ನಿ.

ಉಜ್ಜುವ ಫೋನು ಇದಕ್ಕಿಂತ ಹಳೆಯದು ಎಂದರೆ ನಂಬುತ್ತೀರಾ? 1994ರ ಆಗಸ್ಟ್‌ನಲ್ಲೇ ಅಮೆರಿಕದಲ್ಲಿ ಐಬಿಎಂ ಕಂಪೆನಿಯ 'ಸೈಮನ್' ಮಾರಾಟಕ್ಕೆ ಬಂದಿತ್ತು. ನಂಬರ್ ಒತ್ತಲು ಅದರಲ್ಲಿ ಬಟನ್ ಇರಲಿಲ್ಲ, ಎಲ್ಲ ಪರದೆಯ ಮೇಲೆಯೇ. ಇಟ್ಟಿಗೆಯ ಹಾಗಿತ್ತು, ಬೆಲೆ ಕರಾರು ಸಹಿತ 899 ಡಾಲರ್, ಬ್ಯಾಟರಿಯೂ ಬೇಗ ಮುಗಿಯುತ್ತಿತ್ತು. ಅರ್ಧ ವರ್ಷದಲ್ಲೇ ಅದರ ಕತೆ ಮುಗಿಯಿತು. ಕಾಲಕ್ಕೆ ಮೊದಲು ಹುಟ್ಟಿದ್ದು.

ಕಾಲ ಬಂದದ್ದು 2007ರ ಜನವರಿ 9ರಂದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್ ಐಫೋನನ್ನು ತೋರಿಸಿದ ದಿನ. ಅಂದು ಅವರು ಹೊಸ ಫೋನನ್ನು ಹೊಗಳುವುದಕ್ಕೆ ಮೊದಲು ಹಳೆಯ ಫೋನುಗಳ ಬಟನ್‌ಗಳ ಮೇಲೆ ಆಕ್ಷೇಪ ಎತ್ತಿದರು. ಅವರ ವಾದ ಸರಳ. ಬಟನ್‌ಗಳು ಪ್ಲಾಸ್ಟಿಕ್‌ನಲ್ಲಿ ಭದ್ರವಾಗಿ ಕೂತಿವೆ, ಬೇಕಿದ್ದರೂ ಬೇಡದಿದ್ದರೂ ಅಲ್ಲೇ ಇರುತ್ತವೆ. ಒಂದೊಂದು ಕೆಲಸಕ್ಕೆ ಒಂದೊಂದು ಬಗೆಯ ಬಟನ್ ಬೇಕಾಗುತ್ತದೆ. ಆರು ತಿಂಗಳ ನಂತರ ಹೊಸದೊಂದು ಉಪಾಯ ಹೊಳೆದರೆ, ಮಾರಿಹೋದ ಫೋನಿಗೆ ಓಡಿಹೋಗಿ ಹೊಸ ಬಟನ್ ಹಚ್ಚಲು ಬರುವುದಿಲ್ಲ. ಪರದೆಯ ಮೇಲೆ ಬಿಡಿಸಿದ ಬಟನ್‌ಗೆ ಈ ತೊಂದರೆ ಯಾವುದೂ ಇಲ್ಲ. ಇಷ್ಟೆಲ್ಲ ಹೇಳಿದರೂ ಅವರು ಫೋನಿನ ಮುಖದ ಮೇಲೆ ಒಂದು ಬಟನ್ ಉಳಿಸಿಕೊಂಡರು. ಅದೇ ಹೋಮ್ ಬಟನ್. ದುಂಡಗಿನ ಗುಳಿ, ಅದರ ನಡುವೆ ಸಣ್ಣ ಚೌಕ. ಎಲ್ಲಿ ಸಿಕ್ಕಿಹಾಕಿಕೊಂಡರೂ ಅದನ್ನು ಒತ್ತಿದರೆ ಮನೆಗೆ ವಾಪಸು. ಗಾಜಿನ ಮೇಲೆ ಜಾರಲು ಜನರಿಗೆ ಧೈರ್ಯ ಬಂದದ್ದು ಕೆಳಗೆ ಆ ಗಟ್ಟಿ ಬಟನ್ ಇದೆ ಎಂಬ ನಂಬಿಕೆಯಿಂದ ಎಂದೇ ನಮಗೆ ಅನಿಸುತ್ತದೆ. ಈಜು ಕಲಿಯುವ ಹುಡುಗ ಕೆರೆಯ ಮೆಟ್ಟಿಲನ್ನು ಒಂದು ಕಾಲಿನಲ್ಲಿ ತಾಗಿಸಿಕೊಂಡಿರುವುದಿಲ್ಲವೇ, ಹಾಗೆ.

ಆಂಡ್ರಾಯ್ಡ್‌ನ ಕತೆ ಸ್ವಲ್ಪ ಗಲಿಬಿಲಿಯದ್ದು. ಅದರ ಮೊದಲ ಫೋನು, 2008ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಎಚ್‌ಟಿಸಿ ಡ್ರೀಮ್, ಬಟನ್‌ಗಳ ಸಂತೆಯೇ ಆಗಿತ್ತು. ಕರೆ ಮಾಡಲು, ಕರೆ ಮುಗಿಸಲು, ಹೋಮ್, ಬ್ಯಾಕ್, ಮೆನು, ನಡುವೆ ಉರುಳಿಸುವ ಒಂದು ಗುಂಡು. ಸಾಲದ್ದಕ್ಕೆ ಪರದೆಯನ್ನು ಸರಿಸಿದರೆ ಅಡಿಯಲ್ಲಿ ಪೂರ್ತಿ ಕೀಬೋರ್ಡ್! ಮುಂದೆ ಇವು ಕಡಿಮೆಯಾಗುತ್ತ ನಾಲ್ಕಕ್ಕೆ ಬಂದವು: ಬ್ಯಾಕ್, ಮೆನು, ಹೋಮ್, ಸರ್ಚ್. ಆದರೆ ಯಾವುದು ಎಲ್ಲಿ ಎಂಬುದಕ್ಕೆ ನಿಯಮವೇ ಇರಲಿಲ್ಲ. ಗೂಗಲ್‌ನ ಹೆಸರಿನಲ್ಲೇ 2010ರ ಜನವರಿಯಲ್ಲಿ ಬಂದ ನೆಕ್ಸಸ್ ಒನ್‌ನಲ್ಲಿ ಎಡದಿಂದ ಬಲಕ್ಕೆ ಬ್ಯಾಕ್, ಮೆನು, ಹೋಮ್, ಸರ್ಚ್. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದ ನೆಕ್ಸಸ್ ಎಸ್‌ನಲ್ಲಿ ಬ್ಯಾಕ್, ಮೆನು, ಸರ್ಚ್, ಹೋಮ್. ಒಂದೇ ಮನೆಯ ಅಣ್ಣತಮ್ಮಂದಿರಿಗೆ ಹೀಗೆ! ಹನ್ನೊಂದು ತಿಂಗಳಲ್ಲಿ ಹೋಮ್ ಇದ್ದ ಜಾಗಕ್ಕೆ ಸರ್ಚ್ ಬಂತು. ಬೆಲ್ ಕಂಪೆನಿಯವರು ಹತ್ತು ಅಂಕೆಗಳಿಗೆ ಮಾಡಿದ ಪರೀಕ್ಷೆಯ ಮುಂದೆ ಇದನ್ನು ಇಟ್ಟು ನೋಡಿ.

ಈ ಬಟನ್‌ಗಳು ಹೆಚ್ಚಿನವು ಆ ಹೊತ್ತಿಗೆ ನಿಜವಾಗಿ ಒತ್ತುವಂಥವೂ ಆಗಿರಲಿಲ್ಲ. ಗಾಜಿನ ಅಡಿಯಲ್ಲಿ ಬೆಳಗುವ ಚಿತ್ರಗಳು, ಮುಟ್ಟಿದರೆ ಸಾಕು. ನಮ್ಮ ಬೆರಳು ಗಾಜನ್ನು ಮುಟ್ಟಿದಾಗ ಅಲ್ಲಿನ ವಿದ್ಯುದಾವೇಶದಲ್ಲಿ ಸಣ್ಣ ಬದಲಾವಣೆ ಆಗುತ್ತದೆ, ಫೋನು ಅದನ್ನು ಅಳೆಯುತ್ತದೆ. ಬಲ ಬೇಕಿಲ್ಲ, ಚರ್ಮ ಬೇಕು. ಆದ್ದರಿಂದಲೇ ಅಡಿಕೆ ಸುಲಿದು ಸುಲಿದು ಬೆರಳ ತುದಿ ಒಣಗಿ ಒರಟಾದವರಿಗೆ ಈ ಗಾಜು ಆಗಾಗ ಸ್ಪಂದಿಸುವುದಿಲ್ಲ. ಆಟಿಯ ಮಳೆಯಲ್ಲಿ ಗಾಜಿನ ಮೇಲೆ ನಾಲ್ಕು ಹನಿ ಬಿದ್ದರೆ ತಾನಾಗಿಯೇ ಯಾರಿಗೋ ಫೋನು ಹೋಗುವುದೂ ಇದರಿಂದಲೇ. ಒತ್ತುವ ಫೋನಿಗೆ ಕೈ ಒದ್ದೆಯೋ ಒಣಗಿದ್ದೋ ಎಂಬ ಗೊಡವೆ ಇರಲಿಲ್ಲ.

2011ರಲ್ಲಿ ಗೂಗಲ್ ಇನ್ನೊಂದು ಹೆಜ್ಜೆ ಇಟ್ಟಿತು. ಮೊದಲು ಟ್ಯಾಬ್ಲೆಟ್‌ಗಳಿಗೆ, ಆಮೇಲೆ ಅಕ್ಟೋಬರ್ 19ರಂದು ಹಾಂಗ್‌ಕಾಂಗ್‌ನಲ್ಲಿ ತೋರಿಸಿದ ಗ್ಯಾಲಕ್ಸಿ ನೆಕ್ಸಸ್ ಫೋನಿಗೆ, ಬಟನ್‌ಗಳನ್ನೇ ಪರದೆಯ ಒಳಗೆ ತಂದಿತು. ಬ್ಯಾಕ್, ಹೋಮ್, ಇತ್ತೀಚಿನ ಆ್ಯಪ್‌ಗಳು, ಹೀಗೆ ಮೂರೇ. ಮೆನು ಮತ್ತು ಸರ್ಚ್‌ಗೆ ರಜೆ. ಈ ವಿನ್ಯಾಸದ ಮುಂದಾಳು ಮತಿಯಾಸ್ ಡುವಾರ್ಟೆ. ಗೂಗಲ್‌ಗೆ ಬರುವ ಮೊದಲು ಪಾಮ್ ಕಂಪೆನಿಯಲ್ಲಿ, ಬೆರಳು ಸವರಿ ಹಿಂದೆ ಹೋಗುವ ಫೋನನ್ನು 2009ರಲ್ಲೇ ಮಾಡಿಸಿದವರು. ಪರದೆಯ ಬಟನ್‌ನಿಂದ ಲಾಭವೂ ಇತ್ತು. ಫೋನು ಅಡ್ಡ ಹಿಡಿದರೆ ಚಿತ್ರವೂ ತಿರುಗುತ್ತದೆ, ಸಿನೆಮಾ ನೋಡುವಾಗ ಮರೆಯಾಗುತ್ತದೆ, ಕೀಬೋರ್ಡ್ ತೆರೆದಾಗ ಬ್ಯಾಕ್‌ನ ಬಾಣ ಕೆಳಮುಖವಾಗುತ್ತದೆ. ಖರ್ಚೂ ಇತ್ತು. ಆ ಫೋನಿನ ಪರದೆಯ ಎತ್ತರ 1280 ಚುಕ್ಕಿಗಳು. ಅದರಲ್ಲಿ ಬಟನ್‌ಗಳ ಪಟ್ಟಿಗೇ 96 ಹೋಯಿತು. ನೂರಕ್ಕೆ ಏಳೂವರೆ ಆಯಿತಲ್ಲ! ದುಡ್ಡು ಕೊಟ್ಟು ತಂದ ಪರದೆಯಲ್ಲಿ ಅಷ್ಟನ್ನು ದಿನವಿಡೀ ಮೂರು ಚಿತ್ರಗಳಿಗೆ ಬಿಟ್ಟುಕೊಡಬೇಕು. ಒಂದೇ ಜಾಗದಲ್ಲಿ ಒಂದೇ ಚಿತ್ರ ತಿಂಗಳುಗಟ್ಟಲೆ ಬೆಳಗಿದರೆ ಕೆಲವು ಬಗೆಯ ಪರದೆಗಳಲ್ಲಿ ಅದರ ಕಲೆಯೂ ಉಳಿದುಬಿಡುತ್ತದೆ, ಗೋಡೆಯ ಹಳೆಯ ಕ್ಯಾಲೆಂಡರ್ ತೆಗೆದ ಮೇಲೆ ಅದರ ಗುರುತು ಉಳಿದ ಹಾಗೆ.

ಸ್ಯಾಮ್‌ಸಂಗ್ ಆ ಫೋನನ್ನು ತಯಾರಿಸಿಕೊಟ್ಟ ಕಂಪೆನಿಯೇ ಆದರೂ ತನ್ನ ಸ್ವಂತ ಗ್ಯಾಲಕ್ಸಿ ಎಸ್ ಸಾಲಿನ ಫೋನುಗಳಲ್ಲಿ ನಡುವಿನ ಗಟ್ಟಿ ಹೋಮ್ ಬಟನ್ ಬಿಡಲಿಲ್ಲ. 2016ರ ಎಸ್ 7ರ ತನಕ ಅದು ಇತ್ತು. ಮತ್ತೊಂದು ಹಟ, ಬ್ಯಾಕ್ ಬಲಗಡೆ. ಗೂಗಲ್‌ನದ್ದು ಎಡಗಡೆ. ಬಲಗೈಯವರಿಗೆ ಹೆಬ್ಬೆರಳು ಬಲಕ್ಕೆ ಬೇಗ ತಲುಪುತ್ತದೆ ಎಂಬುದು ಒಂದು ವಾದ. ಓದುವ ದಿಕ್ಕಿನಲ್ಲಿ ಹಿಂದೆ ಎಂದರೆ ಎಡ ಎಂಬುದು ಇನ್ನೊಂದು. ಎರಡರಲ್ಲೂ ಹುರುಳಿದೆ. ಒಂದನ್ನು ಆರಿಸಿ ಎಲ್ಲರೂ ಒಪ್ಪಿಕೊಂಡಿದ್ದರೆ ಸಾಕಿತ್ತು.

ಇದು ಬರೀ ಕಂಪೆನಿಗಳ ಜಗಳ ಎಂದು ನಾವೂ ಸುಮ್ಮನಿರುತ್ತಿದ್ದೆವೋ ಏನೋ, 2020 ಬರದಿದ್ದರೆ. ಆ ವರ್ಷದ ಜೂನ್ 1ರಂದು ಕೇರಳದಲ್ಲಿ ಶಾಲೆಯ ಬದಲು ಟಿವಿಯಲ್ಲಿ 'ಫಸ್ಟ್ ಬೆಲ್' ತರಗತಿಗಳು ಶುರುವಾದವು. ಕನ್ನಡ ಮಾಧ್ಯಮದ ಮಕ್ಕಳಿಗೂ ಪಾಠಗಳು ಬಂದವು. ಆದರೆ ಮನೆಗೆಲಸ, ಸಂಶಯ, ಹಾಜರಿ ಎಲ್ಲ ವಾಟ್ಸ್‌ಆ್ಯಪ್‌ನಲ್ಲಿ. ಅಣ್ಣ ಬಿಟ್ಟ ಫೋನು, ಗಲ್ಫಿನಿಂದ ಮಾವ ತಂದ ಫೋನು, ಸಾಲ ಮಾಡಿ ತಂದ ಹೊಸ ಫೋನು, ಹೀಗೆ ಪ್ರತಿ ಮನೆಯಲ್ಲೂ ಬೇರೆ ಬೇರೆ. ಬೀಡಿ ಕಟ್ಟುವ ತಾಯಂದಿರು ಫೋನಿನಲ್ಲಿ ಕೇಳುತ್ತಿದ್ದರು, ನಾವು ಫೋನಿನಲ್ಲೇ ದಾರಿ ಹೇಳಬೇಕು. "ಕೆಳಗೆ ಎಡಗಡೆ ಬಾಣದ ಗುರುತು ಒತ್ತಿ ಅಕ್ಕಾ" ಎಂದರೆ ಒಬ್ಬರು, "ಮಾಷ್ಟ್ರೇ, ಇಲ್ಲಿ ಎಡಗಡೆ ಮೂರು ಗೆರೆ ಉಂಟು, ಬಾಣ ಬಲಗಡೆ" ಎನ್ನುವರು. ಇನ್ನೊಬ್ಬರು, "ನನ್ನದರಲ್ಲಿ ಏನೂ ಇಲ್ಲ, ಒಂದು ಬಿಳಿ ಗೀಟು ಮಾತ್ರ." ಬ್ಯಾಕ್ ಎಲ್ಲಿದೆ ಎಂದು ತಿಳಿಯದ ಕಾರಣಕ್ಕೆ ಮಗುವಿನ ಮನೆಗೆಲಸದ ಫೋಟೋ ಒಂದು ದಿನ ತಡವಾಗಿ ಬರುತ್ತಿತ್ತು. ಆ ತಾಯಂದಿರು ದಡ್ಡರೇನಲ್ಲ. ನೋಕಿಯಾದ 'ಸಿ' ಬಟನ್‌ನಲ್ಲಿ ಯಾರನ್ನೂ ಕೇಳದೆ ಎಲ್ಲ ಮಾಡುತ್ತಿದ್ದವರೇ ಅವರು.

ಆ ಬಿಳಿ ಗೀಟಿನ ಕತೆ 2017ರದ್ದು. ಅದಕ್ಕೆ ಮೊದಲು ಹೋಮ್ ಬಟನ್ ಸಾಯುವ ತನಕ ಹೇಗೆಲ್ಲ ಬದುಕಿತು ನೋಡಿ. 2013ರ ಐಫೋನ್ 5ಎಸ್‌ನಲ್ಲಿ ಅದಕ್ಕೆ ಬೆರಳಚ್ಚು ಗುರುತಿಸುವ ಕೆಲಸವೂ ಬಂತು. 2016ರ ಐಫೋನ್ 7ರಲ್ಲಿ ಅದು ಅಲುಗಾಡುವುದನ್ನೇ ನಿಲ್ಲಿಸಿತು. ಒತ್ತಿದರೆ ಒಳಗಿನ ಸಣ್ಣ ಯಂತ್ರವೊಂದು ಕಂಪಿಸಿ, 'ಟಕ್' ಎಂದು ಒತ್ತಿದ ಭ್ರಮೆ ಹುಟ್ಟಿಸುತ್ತಿತ್ತು. ಫೋನು ಆಫ್ ಮಾಡಿ ಒತ್ತಿ ನೋಡಿದರೆ ಅದು ಕಲ್ಲು! ಅಲುಗಾಡುವ ಭಾಗ ಇಲ್ಲವೆಂದರೆ ಸವೆಯುವುದಿಲ್ಲ, ನೀರು ನುಗ್ಗುವ ಸಂದೂ ಒಂದು ಕಡಿಮೆ. 2017ರ ಸೆಪ್ಟೆಂಬರ್ 12ರಂದು ಬಂದ ಐಫೋನ್ ಎಕ್ಸ್‌ನಲ್ಲಿ ಅದೂ ಹೋಯಿತು. ಕೆಳಗಿನ ಗೀಟಿನಿಂದ ಮೇಲಕ್ಕೆ ಸವರಿದರೆ ಹೋಮ್. ಅದೇ ವರ್ಷ ಸ್ಯಾಮ್‌ಸಂಗ್‌ನ ಎಸ್ 8 ಕೂಡ ಗಟ್ಟಿ ಬಟನ್ ಕೈಬಿಟ್ಟಿತು. ಆಂಡ್ರಾಯ್ಡ್ 2018ರಲ್ಲಿ ಅರೆಮನಸ್ಸಿನಿಂದ, 2019ರ ಆಂಡ್ರಾಯ್ಡ್ 10ರಲ್ಲಿ ಪೂರ್ಣ ಮನಸ್ಸಿನಿಂದ ಸವರುವ ದಾರಿಗೆ ಬಂತು. ಅಂಚಿನಿಂದ ಒಳಕ್ಕೆ ಎಳೆದರೆ ಬ್ಯಾಕ್, ಕೆಳಗಿನಿಂದ ಮೇಲಕ್ಕೆ ಎಳೆದರೆ ಹೋಮ್, ಮೇಲಕ್ಕೆಳೆದು ಸ್ವಲ್ಪ ತಡೆದರೆ ಇತ್ತೀಚಿನ ಆ್ಯಪ್‌ಗಳು. ಪಾಪ, ಬರೀ ಸವರುವುದರ ಮೇಲೆಯೇ ನಡೆಯುವ, ಮುಖದ ಮೇಲೆ ಒಂದೂ ಬಟನ್ ಇಲ್ಲದ ಎನ್ 9 ಎಂಬ ಫೋನನ್ನು ನೋಕಿಯಾ 2011ರಲ್ಲೇ ತೋರಿಸಿತ್ತು. ಆದರೆ ಅಷ್ಟರಲ್ಲಿ ಆ ಕಂಪೆನಿ ಮೈಕ್ರೋಸಾಫ್ಟ್‌ನ ವಿಂಡೋಸ್ ಕಡೆಗೆ ಹೋಗುವುದೆಂದು ತೀರ್ಮಾನಿಸಿಯಾಗಿತ್ತು.

ಒತ್ತುವ ಬಟನ್‌ಗೆ ಒಂದು ಜಾಗ, ಒಂದು ಆಕಾರ ಇತ್ತು. ಪರದೆಯ ಬಟನ್‌ಗೆ ಜಾಗ ಹೋಗಿ ಚಿತ್ರ ಉಳಿಯಿತು. ಸವರುವುದರಲ್ಲಿ ಚಿತ್ರವೂ ಇಲ್ಲ. ಯಾರಾದರೂ ಹೇಳಿಕೊಡದೆ ತಿಳಿಯುವ ದಾರಿಯೇ ಇಲ್ಲ. ಕಂಪೆನಿಗೆ ಒಂದು ಬಿಡಿಭಾಗ ಉಳಿಯಿತು, ಕಲಿಯುವ ಕೆಲಸ ಮಾತ್ರ ನಮ್ಮ ಹೆತ್ತವರ ಹೆಗಲಿಗೆ ಬಂತು. ಇದು ನಮ್ಮ ದೂರು.

ಇಷ್ಟು ದೂರು ಹೇಳಿದ ಮೇಲೆ ಗಾಜಿನ ಉಪಕಾರವನ್ನೂ ಹೇಳದಿದ್ದರೆ ನ್ಯಾಯವಲ್ಲ. ಅದರಲ್ಲೂ ಗಡಿಯಾಚೆ ಕೂತು ಕನ್ನಡ ಬರೆಯುವವರು ಹೇಳಲೇಬೇಕು. ಪ್ಲಾಸ್ಟಿಕ್ ಬಟನ್ ಮೇಲೆ ಅಕ್ಷರ ಅಚ್ಚು ಹಾಕಬೇಕಾದರೆ ಕಾರ್ಖಾನೆಯಲ್ಲೇ ನಿರ್ಧಾರ ಆಗಬೇಕು. ಹನ್ನೆರಡು ಬಟನ್‌ಗಳು, ನಮ್ಮ ವರ್ಣಮಾಲೆಗೆ 49 ಅಕ್ಷರ, ಮೇಲೆ ಕಾಗುಣಿತ, ಒತ್ತಕ್ಷರ. ಕೇರಳದ ಅಂಗಡಿಗೆ ಬರುವ ಫೋನಿನ ಮೇಲೆ ಯಾರಾದರೂ ಅಚ್ಚು ಹಾಕಿಸುವುದಿದ್ದರೂ ಮಲಯಾಳವನ್ನು ಹಾಕಿಸುತ್ತಿದ್ದರೇ ಹೊರತು ಕಾಸರಗೋಡಿನ ನಾಲ್ಕು ಶಾಲೆಗಳಿಗಾಗಿ ಕನ್ನಡವನ್ನಲ್ಲ. ಕಂಪ್ಯೂಟರಿನಲ್ಲಿ ಕೆ.ಪಿ. ರಾವ್ ಅವರ ವಿನ್ಯಾಸ ನಮ್ಮನ್ನು ಕಾಪಾಡಿತು. ಕೀಲಿಯ ಮೇಲೆ ಇಂಗ್ಲಿಷ್ ಅಕ್ಷರ ಇದ್ದರೂ ಉಚ್ಚಾರಣೆಯ ದಾರಿ ಹಿಡಿದು ಕನ್ನಡ ಬೆರಳಿಗೆ ಬಂತು. ಆದರೆ ಕೀಲಿಯ ಮೇಲೆ 'ಕ' ಎಂದು ಕಾಣುವ ಸುಖ ಬಂದದ್ದು ಗಾಜಿನಲ್ಲಿ. 2012ರಲ್ಲಿ ಆಂಡ್ರಾಯ್ಡ್ 4.1 ಕನ್ನಡ, ತೆಲುಗು, ಮಲಯಾಳ ಲಿಪಿಗಳಿಗೆ ಬೆಂಬಲ ಕೊಟ್ಟಿತು. ಐಫೋನಿಗೆ ಕನ್ನಡ ಕೀಬೋರ್ಡ್ ಬಂದದ್ದು 2017ರ ಸೆಪ್ಟೆಂಬರ್‌ನ ಐಒಎಸ್ 11ರಲ್ಲಿ. ಯಾವ ತಿಂಗಳಲ್ಲಿ ಹೋಮ್ ಬಟನ್ ಇಲ್ಲದ ಫೋನನ್ನು ತೋರಿಸಿದರೋ ಅದೇ ತಿಂಗಳು! ಅದರ ಜೊತೆಗೇ ಮಲಯಾಳ, ಒಡಿಯಾ ಕೂಡ ಬಂದವು. ಈಗ ನಮ್ಮ ಶಾಲೆಯ ಮಗು ಒಂದು ಗೋಳದ ಚಿತ್ರ ಮುಟ್ಟಿ ಕನ್ನಡದಿಂದ ಮಲಯಾಳಕ್ಕೆ, ಅಲ್ಲಿಂದ ಇಂಗ್ಲಿಷಿಗೆ ಹಾರುತ್ತದೆ. ಹನ್ನೆರಡು ಬಟನ್‌ಗಳ ಫೋನಿನಲ್ಲಿ ಇದು ಕನಸು. ಸ್ಟೀವ್ ಜಾಬ್ಸ್ ಕನ್ನಡವನ್ನು ನೆನೆದು ಆ ವಾದ ಮಂಡಿಸಿರಲಿಕ್ಕಿಲ್ಲ. ಆದರೂ ಅವರ ವಾದಕ್ಕೆ ನಮ್ಮ ಅಕ್ಷರಮಾಲೆಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಕಣ್ಣು ಕಾಣದವರ ವಿಷಯವೂ ನಾವು ಮೊದಲು ಎಣಿಸಿದ ಹಾಗೆ ಆಗಲಿಲ್ಲ. 5ರ ಉಬ್ಬು ಹೋದರೆ ಅವರ ಗತಿಯೇನು ಎಂದು ತೋರುವುದು ಸಹಜ. ಆದರೆ 2009ರ ಐಫೋನ್ 3ಜಿಎಸ್‌ನಲ್ಲಿ ಬೆರಳು ಎಲ್ಲಿದೆಯೋ ಅಲ್ಲಿರುವುದನ್ನು ಓದಿ ಹೇಳುವ 'ವಾಯ್ಸ್‌ಓವರ್' ಬಂತು, ಅದೇ ವರ್ಷ ಆಂಡ್ರಾಯ್ಡ್‌ಗೆ 'ಟಾಕ್‌ಬ್ಯಾಕ್'. ಬೆರಳಿನ ಬದಲು ಕಿವಿ ದಾರಿ ತೋರಿಸಿತು.

ಗಂಡಾಂತರದ ಮಾತು ಬಂದಾಗ ಮಾತ್ರ ಸರಕಾರ ಗಾಜನ್ನು ನಂಬಲಿಲ್ಲ. 2016ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರ ಒಂದು ನಿಯಮ ಮಾಡಿತು. 2017ರ ಜನವರಿ 1ರಿಂದ ಮಾರುವ ಎಲ್ಲ ಮೊಬೈಲುಗಳಲ್ಲಿ 'ಪ್ಯಾನಿಕ್ ಬಟನ್' ಇರಬೇಕು, ಮುಖ್ಯವಾಗಿ ಹೆಂಗಸರ ರಕ್ಷಣೆಗೆ. ಒತ್ತುವ ಫೋನಾದರೆ 5 ಅಥವಾ 9ನ್ನು ಒತ್ತಿ ಹಿಡಿಯುವುದು. ಉಜ್ಜುವ ಫೋನಾದರೆ ತುರ್ತು ಕರೆಯ ಬಟನ್, ಇಲ್ಲವೇ ಬದಿಯ ಪವರ್ ಬಟನ್ ಅನ್ನು ಬೇಗ ಬೇಗ ಮೂರು ಸಲ ಒತ್ತುವುದು. 112ರ ವ್ಯವಸ್ಥೆ ರಾಜ್ಯಗಳಲ್ಲಿ ಶುರುವಾದದ್ದು 2018ರ ಕೊನೆಯಿಂದ. ಇಲ್ಲಿ ಗಮನಿಸಬೇಕಾದದ್ದು, ಅದೇ ಉಬ್ಬು ಇರುವ 5, ಅದೇ ಗಟ್ಟಿ ಪವರ್ ಬಟನ್. ಕತ್ತಲಲ್ಲಿ, ಚೀಲದೊಳಗೆ, ಕೈ ನಡುಗುತ್ತಿರುವಾಗ ಸವರುವುದು ನಡೆಯುವುದಿಲ್ಲ ಎಂದು ನಿಯಮ ಬರೆದವರಿಗೆ ಗೊತ್ತಿತ್ತು. ಹೆಣ್ಣುಮಕ್ಕಳಿಗೆ ಇದನ್ನು ತರಗತಿಯಲ್ಲೇ ಹೇಳಿಕೊಡಬೇಕು. ಎಷ್ಟು ಸಲ ಒತ್ತಬೇಕೆಂಬುದು ಈಗ ಫೋನಿನಿಂದ ಫೋನಿಗೆ ಬೇರೆಯಾಗಬಹುದು, ಆದ್ದರಿಂದ ಅವರವರ ಫೋನಿನ ಸೆಟ್ಟಿಂಗ್ಸ್‌ನಲ್ಲಿ ನೋಡಿಯೇ ಹೇಳಿಕೊಡಬೇಕು.

ಹೋಮ್ ಬಟನ್ ಇದ್ದ ಕೊನೆಯ ಐಫೋನು, 2022ರ ಎಸ್‌ಇ, ಆಪಲ್‌ನ ಪಟ್ಟಿಯಿಂದ ಹೊರಬಿದ್ದದ್ದು 2025ರ ಫೆಬ್ರವರಿಯಲ್ಲಿ. ತಮಾಷೆಯೆಂದರೆ ಅದೇ ಕಂಪೆನಿ 2023ರಲ್ಲಿ ಐಫೋನ್ 15 ಪ್ರೋ ಬದಿಗೆ ಹೊಸತೊಂದು 'ಆ್ಯಕ್ಷನ್' ಬಟನ್, 2024ರಲ್ಲಿ ಐಫೋನ್ 16ಕ್ಕೆ ಕ್ಯಾಮರಾದ ಬಟನ್ ಹಚ್ಚಿತು. ಮುಂಬಾಗಿಲಿನಿಂದ ಕಳಿಸಿದ್ದನ್ನು ಪಕ್ಕದ ಬಾಗಿಲಿನಿಂದ ಕರೆದುಕೊಂಡ ಹಾಗಾಯಿತು.

ಆಂಡ್ರಾಯ್ಡ್‌ನಲ್ಲಿ ಹಳೆಯ ಮೂರು ಬಟನ್‌ಗಳು ಇನ್ನೂ ಸತ್ತಿಲ್ಲ, ಅಡಗಿ ಕೂತಿವೆ. ಸೆಟ್ಟಿಂಗ್ಸ್ ತೆರೆದು, ಹುಡುಕುವ ಜಾಗದಲ್ಲಿ 'ನ್ಯಾವಿಗೇಶನ್' ಎಂದು ಬರೆದರೆ ಸಿಗುತ್ತದೆ. ಸವರುವುದು ಬೇಕೋ, ಮೂರು ಬಟನ್ ಬೇಕೋ ಎಂದು ಕೇಳುತ್ತದೆ. ಮಕ್ಕಳೇ, ಮನೆಯಲ್ಲಿ ಅಜ್ಜಿಯದ್ದೋ ಅಮ್ಮನದ್ದೋ ಫೋನು ಇದ್ದರೆ ಒಮ್ಮೆ ಇದನ್ನು ತೋರಿಸಿ. ಸ್ಯಾಮ್‌ಸಂಗ್ ಆದರೆ ಬ್ಯಾಕ್ ಎಡಕ್ಕಿರಲೋ ಬಲಕ್ಕಿರಲೋ ಎಂದೂ ಕೇಳುತ್ತದೆ. ಅದನ್ನು ನೀವೇ ಆರಿಸಿಬಿಡಬೇಡಿ, ಅಜ್ಜಿಯನ್ನು ಕೇಳಿ.